ಟ್ಯೂಬಿಂಗನ್ನಿನ ಗ್ರಂಥಭಂಡಾರ: ಬಂದ ದಾರಿ, ಉಳಿದ ಬಗೆ



ದತ್ತಿಯ ಹೆಸರಿನಲ್ಲಿ ಮಾತಾಡಲು ಕರೆದಿದ್ದೀರಿ. ದಾನಿಗಳಿಂದ ಬಹುಮಟ್ಟಿಗೆ ಬೆಳೆದ ಒಂದು ಗ್ರಂಥಾಲಯದ ಕಥೆಯನ್ನೇ ಹೇಳೋಣವೆಂದು ಬಂದಿದ್ದೇನೆ. ಜರ್ಮನಿಯ ನೈಋತ್ಯ ಭಾಗದಲ್ಲಿ, ನೆಕಾರ್ ನದಿಯ ದಡದಲ್ಲಿ ಟ್ಯೂಬಿಂಗನ್ ಎಂಬ ಊರಿದೆ. ದೊಡ್ಡ ಊರೇನಲ್ಲ. ಗುಡ್ಡದ ಮೇಲೊಂದು ಕೋಟೆಮನೆ, ಕೆಳಗೆ ಇಕ್ಕಟ್ಟಾದ ಬೀದಿಗಳು, ಎಲ್ಲೆಲ್ಲೂ ವಿದ್ಯಾರ್ಥಿಗಳು. ಕನ್ನಡಿಗರಿಗೆ ಇದರ ಹೆಸರು ಅಲ್ಲಲ್ಲಿ ಕಿವಿಗೆ ಬಿದ್ದಿರುತ್ತದೆ. ‘ಮಂಗಳೂರ ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಓದಿದ್ದು ಇಲ್ಲಿ. ನಿಘಂಟಿನ ಕಿಟೆಲ್ ಕೊನೆಯ ದಿನಗಳನ್ನು ಕಳೆದು, 1903ರಲ್ಲಿ ತೀರಿಕೊಂಡದ್ದೂ ಇಲ್ಲೇ.

ಗ್ರಂಥಾಲಯದ ಹಿರಿಮೆಯನ್ನು ಪುಸ್ತಕಗಳ ಲೆಕ್ಕದಿಂದ ಹೇಳುವುದು ವಾಡಿಕೆ. ಲಕ್ಷ ಎಂದರೆ ಕೈ ಚಪ್ಪಾಳೆಗೆ ಹೋಗುತ್ತದೆ. ನನಗೆ ಆ ಲೆಕ್ಕದಲ್ಲಿ ಆಸೆ ಕಡಿಮೆ. ಒಂದು ಹಸ್ತಪ್ರತಿ ಯಾವ ದಾರಿಯಿಂದ ಬಂತು, ಬಂದದ್ದನ್ನು ಯಾರು ಬಿಚ್ಚಿ ಓದಿದರು, ಯಾರು ಸೂಚಿಗೆ ಏರಿಸಿದರು, ಸೂಚಿಗೆ ಏರದೆ ಉಳಿದದ್ದರ ಗತಿ ಏನಾಯಿತು ಎಂಬುದನ್ನು ಕೇಳಿದರೆ ಗ್ರಂಥಾಲಯದ ನಿಜವಾದ ಇತಿಹಾಸ ಬಾಯಿಬಿಡುತ್ತದೆ. ಕಟ್ಟಡ ಕಟ್ಟಿದ ದೊರೆಗಳಿಗಿಂತ ಸೂಚಿ ಬರೆದವರ ಋಣ ಹೆಚ್ಚಿನದು ಎಂಬುದು ಇವತ್ತಿನ ನನ್ನ ವಾದ.

ಈ ಗ್ರಂಥಾಲಯ ಸೇರಿದ ಟ್ಯೂಬಿಂಗನ್ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದವನು ವ್ಯುರ್ಟೆಂಬರ್ಗಿನ ದೊರೆ ಎಬರ್‌ಹಾರ್ಡ್. ಉದ್ದ ಗಡ್ಡ ಬಿಟ್ಟಿದ್ದರಿಂದ ಗಡ್ಡದ ಎಬರ್‌ಹಾರ್ಡ್ ಎಂದೇ ಇತಿಹಾಸದಲ್ಲಿ ಉಳಿದ. ವರ್ಷ 1477. ನಮ್ಮಲ್ಲಿ ವಿಜಯನಗರದ ಸಂಗಮ ವಂಶದ ಕೊನೆಗಾಲ, ಬೀದರಿನಲ್ಲಿ ಮಹಮೂದ್ ಗವಾನ್ ತನ್ನ ಮದ್ರಸಾವನ್ನು ಕಟ್ಟಿ ಕೆಲವೇ ವರ್ಷ ಕಳೆದಿದ್ದ ಕಾಲ. ಟ್ಯೂಬಿಂಗನ್ ಗ್ರಂಥಾಲಯದ ಮಾತು ದಾಖಲೆಯಲ್ಲಿ ಮೊದಲು ಕಾಣುವುದು 1499ರಲ್ಲಿ. ಮೂವತ್ತೈದು ವರ್ಷವಾಗುವಷ್ಟರಲ್ಲಿ, 1534ರಲ್ಲಿ, ಪುಸ್ತಕಗಳಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಅಷ್ಟೂ ಕೂಡಿಟ್ಟದ್ದು ಬೂದಿಯಾಯಿತು. ಅದೇ ವರ್ಷ ದೇಶಭ್ರಷ್ಟನಾಗಿದ್ದ ಡ್ಯೂಕ್ ಉಲ್ರಿಖ್ ಹಿಂದಿರುಗಿ ಬಂದು ಲೂಥರನ ಮತವನ್ನು ರಾಜ್ಯದ ಮೇಲೆ ತಂದ. ಹೀಗಾಗಿ ಹಳೆಯ ಪುಸ್ತಕ, ಹಳೆಯ ಮತ ಎರಡೂ ಒಂದೇ ವರ್ಷ ಹೋದವು. ಈಗ ಅಲ್ಲಿರುವ ಸಂಗ್ರಹ ಎರಡನೆಯ ಹುಟ್ಟಿನದು.

ಎರಡನೆಯ ಹುಟ್ಟಿಗೆ ದೊರೆಯ ಬೊಕ್ಕಸ ಹೆಚ್ಚೇನೂ ನೆರವಾಗಲಿಲ್ಲ. ಪ್ರಾಧ್ಯಾಪಕರು, ವಕೀಲರು ಸಾಯುವಾಗ ಬಿಟ್ಟುಹೋದ ಮನೆಪುಸ್ತಕಗಳೇ ಆಧಾರವಾದವು. ಅವರಲ್ಲಿ ಲೂಡ್ವಿಗ್ ಗ್ರೆಂಪ್ ಎಂಬ ನ್ಯಾಯಶಾಸ್ತ್ರಜ್ಞನನ್ನು ನೆನೆಯಬೇಕು. ಟ್ಯೂಬಿಂಗನ್ನಿನಲ್ಲಿ ಸ್ವಲ್ಪ ಕಾಲ ಪಾಠ ಹೇಳಿ, ಆಮೇಲೆ ಸ್ಟ್ರಾಸ್‌ಬರ್ಗ್ ನಗರದ ವಕೀಲನಾಗಿದ್ದವನು. 1583ರಲ್ಲಿ ತೀರಿಕೊಂಡಾಗ ತನ್ನ ದೊಡ್ಡ ಪುಸ್ತಕಸಂಗ್ರಹವನ್ನು ಟ್ಯೂಬಿಂಗನ್ನಿಗೆ ಬರೆದಿಟ್ಟಿದ್ದ. ಅದು ಬಹುಕಾಲ ಗ್ರೆಂಪನ ಹೆಸರಿನಲ್ಲೇ ಬೇರೆಯ ಭಂಡಾರವಾಗಿ ನಡೆಯಿತು. ದಾನಿಯ ಹೆಸರನ್ನು ಬೋರ್ಡಿನ ಮೇಲೆ ಬರೆದು ಪುಸ್ತಕಗಳನ್ನು ಮೂಲೆಗೆ ತಳ್ಳುವುದನ್ನು ನಾವು ಸಾಕಷ್ಟು ಕಂಡಿದ್ದೇವೆ. ಅಲ್ಲಿ ಹೆಸರೂ ಉಳಿಯಿತು, ಪುಸ್ತಕವೂ ಉಳಿಯಿತು. ನಾಲ್ಕು ನೂರು ವರ್ಷದ ಮೇಲೆ ಈ ಸಭೆಯಲ್ಲಿ ನಾವು ಅವನ ಹೆಸರು ಹೇಳುತ್ತಿರುವುದು ಅದೇ ಕಾರಣಕ್ಕೆ.

ಗ್ರೆಂಪನಿಗಿಂತ ನನಗೆ ಹೆಚ್ಚು ಪ್ರಿಯನಾದವನು ಮಾರ್ಟಿನ್ ಕ್ರೂಸಿಯಸ್. 1526ರಿಂದ 1607ರವರೆಗೆ ಬಾಳಿದ ಗ್ರೀಕ್ ಪ್ರಾಧ್ಯಾಪಕ. ಮನುಷ್ಯ ಸ್ವಲ್ಪ ವಿಚಿತ್ರ. ಭಾನುವಾರ ಚರ್ಚಿನಲ್ಲಿ ಪಾದ್ರಿ ಜರ್ಮನ್ ಭಾಷೆಯಲ್ಲಿ ಉಪದೇಶ ಮಾಡುತ್ತಿದ್ದರೆ ಈತ ಕೂತಲ್ಲೇ ಅದನ್ನು ಗ್ರೀಕಿಗೆ ತಿರುಗಿಸಿ ಬರೆದುಕೊಳ್ಳುತ್ತಿದ್ದ. ಹೀಗೆ ಬರೆದ ಉಪದೇಶಗಳು ಆರು ಸಾವಿರಕ್ಕೂ ಹೆಚ್ಚು. ಪಾದ್ರಿಗಳಿಗೆ ಇಷ್ಟು ಗಮನವಿಟ್ಟು ಕೇಳುವ ಇನ್ನೊಬ್ಬ ಶ್ರೋತೃ ಸಿಕ್ಕಿರಲಾರ. ಆದರೆ ಅವನ ದೊಡ್ಡ ಕೆಲಸ ಬೇರೆ ಇದೆ. ಆ ಕಾಲದ ಯುರೋಪಿನ ವಿದ್ವಾಂಸರಿಗೆ ಗ್ರೀಕ್ ಎಂದರೆ ಹೋಮರ್, ಪ್ಲೇಟೋ. ತುರ್ಕರ ಆಳ್ವಿಕೆಯಲ್ಲಿ ಬದುಕುತ್ತಿದ್ದ ಗ್ರೀಕರು ಈಗ ಏನು ಮಾತಾಡುತ್ತಾರೆ, ಹೇಗಿದ್ದಾರೆ ಎಂದು ಕೇಳಿದವರು ವಿರಳ. ಕ್ರೂಸಿಯಸ್ ಕೇಳಿದ. ಅವನ ಶಿಷ್ಯ ಸ್ಟೆಫಾನ್ ಗೆರ್ಲಾಖ್ 1573ರಲ್ಲಿ ರಾಯಭಾರಿಯ ಪಾದ್ರಿಯಾಗಿ ಕಾನ್‌ಸ್ಟಾಂಟಿನೋಪಲ್‌ಗೆ ಹೋದಾಗ ಅವನ ಮೂಲಕ ಅಲ್ಲಿನ ಧರ್ಮಪೀಠಕ್ಕೆ ಪತ್ರ ಬರೆದ, ಹಸ್ತಪ್ರತಿ ತರಿಸಿಕೊಂಡ. ಸೆರೆಸಿಕ್ಕ ನಂಟರನ್ನು ಬಿಡಿಸಿಕೊಳ್ಳಲು ಹಣ ಬೇಡುತ್ತ ಜರ್ಮನಿಯಲ್ಲಿ ಅಲೆಯುತ್ತಿದ್ದ ಗ್ರೀಕರನ್ನು ಮನೆಗೆ ಕರೆದು ಊಟ ಹಾಕಿ, ಅವರ ಆಡುಮಾತಿನ ಪದಗಳನ್ನು ಕೇಳಿ ಕೇಳಿ ಬರೆದುಕೊಂಡ. 1584ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಅವನ ‘ತುರ್ಕೋಗ್ರೇಕಿಯಾ’ ಇದರ ಫಲ. ಅವನ ಪುಸ್ತಕ, ಹಸ್ತಪ್ರತಿ, ದಿನಚರಿಗಳು ಇಂದಿಗೂ ಟ್ಯೂಬಿಂಗನ್ನಿನ ಗ್ರೀಕ್ ಸಂಗ್ರಹದ ಬೆನ್ನೆಲುಬು. ಬಾಗಿಲಿಗೆ ಬಂದ ಭಿಕ್ಷುಕನಿಂದ ಭಾಷೆ ಕಲಿತ ಈ ಪ್ರಾಧ್ಯಾಪಕನ ಬಗ್ಗೆ ನಮ್ಮ ಭಾಷಾಶಾಸ್ತ್ರದ ತರಗತಿಗಳಲ್ಲಿ ಒಂದು ದಿನವಾದರೂ ಹೇಳಬೇಕು.

ಇದೇ ಊರಿನ ಇನ್ನೊಂದು ಸಂಗತಿಯನ್ನು ನಡುವೆ ಸೇರಿಸುತ್ತೇನೆ. ಸ್ಲೊವೇನ್ ಭಾಷೆಯಲ್ಲಿ ಮೊದಲ ಪುಸ್ತಕಗಳು ಅಚ್ಚಾದದ್ದು ಸ್ಲೊವೇನಿಯಾದಲ್ಲಿ ಅಲ್ಲ, 1550ರಲ್ಲಿ ಟ್ಯೂಬಿಂಗನ್ನಿನಲ್ಲಿ. ಪ್ರಿಮೋಜ್ ಟ್ರೂಬರ್ ಎಂಬ, ತನ್ನ ನಾಡಿನಿಂದ ಓಡಿಬಂದ ಧರ್ಮಬೋಧಕ ಅಚ್ಚುಹಾಕಿಸಿದ್ದು ಒಂದು ಧರ್ಮಪ್ರಶ್ನೋತ್ತರ, ಒಂದು ಅಕ್ಷರಮಾಲೆ. ಪರಭಾಷೆಗೆ ಅಚ್ಚುಮೊಳೆ ಹೊಂದಿಸುವ ಮಿಶನರಿ ಹುಮ್ಮಸ್ಸು ಈ ಊರಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸದಾಗಿ ಬಂದದ್ದಲ್ಲ.

ದಾನದ ಜೊತೆ ದರೋಡೆಯ ಮಾತೂ ಬರಬೇಕು. ಮೂವತ್ತು ವರ್ಷಗಳ ಯುದ್ಧದಲ್ಲಿ ಗ್ರಂಥಾಲಯಗಳು ಯುದ್ಧದ ಕೊಳ್ಳೆಯಾಗಿದ್ದವು. 1622ರಲ್ಲಿ ಹೈಡಲ್‌ಬರ್ಗ್ ಸೋತಾಗ ಅಲ್ಲಿನ ಹೆಸರಾಂತ ಪಲಾಟಿನಾ ಗ್ರಂಥಾಲಯವನ್ನು ಹೇಸರಗತ್ತೆಗಳ ಮೇಲೆ ಹೇರಿ ಆಲ್ಪ್ಸ್ ದಾಟಿಸಿ ಪೋಪರಿಗೆ ಕಾಣಿಕೆ ಕಳಿಸಿದರು. 1632ರಲ್ಲಿ ಸ್ವೀಡನ್ನಿನ ಸೈನ್ಯ ಮ್ಯೂನಿಕ್ಕಿನ ಅರಮನೆ ಗ್ರಂಥಾಲಯವನ್ನು ದೋಚಿತು. ಅದರ ನಷ್ಟ ತುಂಬಿಕೊಳ್ಳಲು ಬವೇರಿಯಾದ ದೊರೆ ಮ್ಯಾಕ್ಸಿಮಿಲಿಯನ್ 1635ರಲ್ಲಿ ಟ್ಯೂಬಿಂಗನ್ ಕೋಟೆಯೊಳಗಿದ್ದ ಡ್ಯೂಕರ ಗ್ರಂಥಾಲಯವನ್ನು ಮ್ಯೂನಿಕ್ಕಿಗೆ ಸಾಗಿಸಿದ. ಗುಡ್ಡದ ಮೇಲಿನ ದೊರೆಯ ಪುಸ್ತಕ ಹೋಯಿತು, ಕೆಳಗಿನ ವಿಶ್ವವಿದ್ಯಾಲಯದ ಪುಸ್ತಕ ಬಹುಪಾಲು ಉಳಿಯಿತು. ಯುರೋಪಿನ ಗ್ರಂಥಾಲಯಗಳಲ್ಲಿ ನಮ್ಮ ಓಲೆಗರಿಗಳಿವೆ ಎಂದು ಸಿಟ್ಟಾಗುವ ಮೊದಲು, ಅವರವರ ನಡುವೆಯೇ ಎಷ್ಟು ಪುಸ್ತಕ ಕೈ ಬದಲಾಗಿದೆ ಎಂಬುದನ್ನು ತಿಳಿದಿರಬೇಕು. ಸಿಟ್ಟಾಗಲೇಬಾರದು ಎಂದು ನಾನು ಹೇಳುತ್ತಿಲ್ಲ.

ಹದಿನೆಂಟನೆಯ ಶತಮಾನವನ್ನು ಬೇಗ ದಾಟಿಬಿಡೋಣ. ಆ ಕಾಲದಲ್ಲಿ ಜರ್ಮನಿಯ ಮಾದರಿ ಗ್ರಂಥಾಲಯ ಗ್ಯೋಟಿಂಗನ್ನಿನದು. ವರ್ಷವರ್ಷ ನಿಗದಿಯಾದ ಹಣ, ತಪ್ಪದ ಸೂಚಿ, ಓದುಗರಿಗೆ ತೆರೆದ ಬಾಗಿಲು ಎಂಬ ಮೂರನ್ನೂ ಅಲ್ಲಿ ಕಲಿಯಬೇಕಿತ್ತು. ಟ್ಯೂಬಿಂಗನ್ ಮಲಗಿತ್ತು.

ಎಚ್ಚರವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1819ರಲ್ಲಿ ಪುಸ್ತಕಗಳನ್ನು ಗುಡ್ಡದ ಮೇಲಿನ ಕೋಟೆಗೆ, ಹಿಂದೆ ವೀರರು ಔತಣಕ್ಕೆ ಸೇರುತ್ತಿದ್ದ ದೊಡ್ಡ ಹಜಾರಕ್ಕೆ ಸಾಗಿಸಿದರು. 1836ರಲ್ಲಿ ರಾಬರ್ಟ್ ಫಾನ್ ಮೋಲ್ ಮುಖ್ಯ ಗ್ರಂಥಪಾಲರಾದರು. ಕಾನೂನಿಗೆ ಬದ್ಧವಾದ ರಾಜ್ಯ ಎಂಬ ಕಲ್ಪನೆಯನ್ನು ಜರ್ಮನ್ ರಾಜ್ಯಶಾಸ್ತ್ರದಲ್ಲಿ ಬೇರೂರಿಸಿದ ಪಂಡಿತರು ಅವರು. ಗ್ರಂಥಾಲಯಕ್ಕೂ ಅದೇ ಶಿಸ್ತನ್ನು ತಂದರು. ಅದೇ ಕೋಟೆಯ ಅಡುಗೆಮನೆಯನ್ನು ರಸಾಯನಶಾಸ್ತ್ರದ ಪ್ರಯೋಗಾಲಯ ಮಾಡಿದರು. 1869ರಲ್ಲಿ ಫ್ರೀಡ್ರಿಖ್ ಮೀಷರ್ ಎಂಬ ಯುವಕ ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ ‘ನ್ಯೂಕ್ಲೀನ್’ ಎಂಬ ವಸ್ತುವನ್ನು ಬೇರ್ಪಡಿಸಿದ್ದು ಅಲ್ಲೇ. ನಾವು ಇಂದು ಡಿಎನ್‌ಎ ಎನ್ನುವುದು ಅದನ್ನೇ. ಅದೇ ಹೊತ್ತಿನಲ್ಲಿ ಅದೇ ಕೋಟೆಯ ಹಜಾರದಲ್ಲಿ ಒಬ್ಬರು ವೇದದ ಹಸ್ತಪ್ರತಿ ಓದುತ್ತಿದ್ದರು.

ಅವರೇ ರೂಡೋಲ್ಫ್ ರೋಟ್. ಇವರ ಬಳಿ ಸ್ವಲ್ಪ ನಿಲ್ಲಬೇಕು.

ರೋಟ್ 1821ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದವರು. ಟ್ಯೂಬಿಂಗನ್ನಿನಲ್ಲಿ ಹೈನ್ರಿಖ್ ಎವಾಲ್ಡರ ಬಳಿ ಸಂಸ್ಕೃತ ಕಲಿತರು. ಎವಾಲ್ಡರ ಕಥೆಯೂ ಸ್ವಾರಸ್ಯವೇ. ಹ್ಯಾನೋವರಿನ ರಾಜ ಸಂವಿಧಾನ ರದ್ದು ಮಾಡಿದ್ದನ್ನು ವಿರೋಧಿಸಿ 1837ರಲ್ಲಿ ಗ್ಯೋಟಿಂಗನ್ನಿನಲ್ಲಿ ಕೆಲಸ ಕಳೆದುಕೊಂಡ ಏಳು ಪ್ರಾಧ್ಯಾಪಕರಲ್ಲಿ ಅವರೂ ಒಬ್ಬರು. ಗ್ರಿಮ್ ಸೋದರರು ಇನ್ನಿಬ್ಬರು. ಒಬ್ಬ ರಾಜನ ಹಟದಿಂದ ಟ್ಯೂಬಿಂಗನ್ನಿಗೆ ಸಂಸ್ಕೃತ ಬಂತು ಎನ್ನಬಹುದು. ರೋಟ್ ಆಮೇಲೆ ಪ್ಯಾರಿಸ್ಸಿನಲ್ಲಿ ಬುರ್ನೂಫರ ಬಳಿ ಓದಿದರು, ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಸ್ತಪ್ರತಿಗಳನ್ನು ನೋಡಿದರು. 1856ರಲ್ಲಿ ಟ್ಯೂಬಿಂಗನ್ನಿನಲ್ಲಿ ಪ್ರಾಧ್ಯಾಪಕ ಪೀಠ ಮತ್ತು ಮುಖ್ಯ ಗ್ರಂಥಪಾಲರ ಹುದ್ದೆ ಎರಡೂ ಅವರಿಗೆ ಬಂದವು. 1895ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತೊಂಬತ್ತು ವರ್ಷ ಎರಡನ್ನೂ ನಡೆಸಿದರು. ಅದೇ ಅವಧಿಯಲ್ಲಿ ಬ್ಯೋಟ್ಲಿಂಕರ ಜೊತೆ ಸೇರಿ ಏಳು ಸಂಪುಟಗಳ ಪೀಟರ್ಸ್‌ಬರ್ಗ್ ಸಂಸ್ಕೃತ ನಿಘಂಟನ್ನು 1855ರಿಂದ 1875ರೊಳಗೆ ಮುಗಿಸಿದರು. ನಮ್ಮಲ್ಲಿ ಗ್ರಂಥಪಾಲಕ ಹುದ್ದೆಯೆಂದರೆ ಬೀಗದ ಕೈ ಮತ್ತು ರಿಜಿಸ್ಟರ್ ಎಂಬ ಭಾವನೆ ಇನ್ನೂ ಹೋಗಿಲ್ಲ. ಆದರೆ ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳೂ ತಮ್ಮ ಕೈಗೆ ಬಂದ ಓಲೆಗಳನ್ನು ತಾವೇ ಓದಿದ್ದರಿಂದ ಕೌಟಿಲ್ಯನ ಅರ್ಥಶಾಸ್ತ್ರ 1909ರಲ್ಲಿ ಲೋಕಕ್ಕೆ ಸಿಕ್ಕಿತು. ರೋಟ್ ಆ ಜಾತಿಯ ಗ್ರಂಥಪಾಲರು.

ರೋಟ್ ಮತ್ತು ಕರ್ನಾಟಕದ ನಡುವೆ ಒಂದು ಜಗಳವೂ ಇದೆ. ವೇದಕ್ಕೆ ಭಾಷ್ಯ ಬರೆದ ಸಾಯಣರು ವಿಜಯನಗರದ ಬುಕ್ಕರಾಯನ ಕಾಲದವರು, ಮಂತ್ರಿಯಾಗಿದ್ದವರು. ಮ್ಯಾಕ್ಸ್ ಮ್ಯುಲರರು ಋಗ್ವೇದವನ್ನು ಸಾಯಣಭಾಷ್ಯದೊಂದಿಗೆ ಅಚ್ಚುಹಾಕಿಸುತ್ತಿದ್ದಾಗ ರೋಟ್ ಮಾತ್ರ ಸಾಯಣರ ಅರ್ಥವನ್ನೇ ಕೊನೆಯ ಮಾತೆಂದು ಒಪ್ಪಲಿಲ್ಲ. ವೇದದ ಪದಕ್ಕೆ ವೇದದೊಳಗೇ, ಆ ಪದ ಬರುವ ಎಲ್ಲ ಕಡೆಗಳನ್ನೂ ಜೋಡಿಸಿ ಅರ್ಥ ಹುಡುಕಬೇಕು. ಸಾವಿರಾರು ವರ್ಷ ಕಳೆದ ಮೇಲೆ ಬಂದ ಭಾಷ್ಯಕಾರ ಮಾರ್ಗದರ್ಶಿ ಆಗಬಹುದೇ ಹೊರತು ತೀರ್ಪುಗಾರ ಆಗಲಾರ ಎಂಬುದು ಅವರ ನಿಲುವು. ಪದ್ಧತಿ ಸರಿಯಾದದ್ದೇ. ಆದರೆ ಯಜ್ಞದ ಕ್ರಮ ಕಣ್ಣಾರೆ ಕಂಡವರ ತಿಳಿವಳಿಕೆ ಸಾಯಣರ ಬೆನ್ನಿಗಿತ್ತು ಎಂಬುದನ್ನು ರೋಟ್ ತೂಕಕ್ಕೆ ತೆಗೆದುಕೊಂಡದ್ದು ಕಡಿಮೆ. ಮುಂದಿನ ತಲೆಮಾರಿನ ವಿದ್ವಾಂಸರೇ ಅವರನ್ನು ಈ ವಿಷಯದಲ್ಲಿ ತಿದ್ದಿದರು.

ಈಗ ಭೂರ್ಜಪತ್ರದ ಕಥೆ. ರೋಟ್ ಮತ್ತು ಅವರ ಅಮೆರಿಕದ ಶಿಷ್ಯ ವಿಟ್ನಿ 1850ರ ದಶಕದಲ್ಲಿ ಅಥರ್ವವೇದವನ್ನು ಅಚ್ಚುಹಾಕಿಸಿದರು. ಅದು ಶೌನಕ ಶಾಖೆಯದು. ಇನ್ನೊಂದು ಶಾಖೆ ಎಲ್ಲಾದರೂ ಉಳಿದಿದೆಯೇ ಎಂದು ರೋಟ್ ಹುಡುಕುತ್ತಿದ್ದರು. ಕಾಶ್ಮೀರದಲ್ಲಿ ತಿರುಗಾಡಿ ಬಂದ ಬ್ಯಾರನ್ ಹ್ಯುಗೆಲ್ ಎಂಬಾತನ ಪ್ರವಾಸಕಥನದಲ್ಲಿ, ಅಲ್ಲಿನ ಬ್ರಾಹ್ಮಣರು ಅಥರ್ವವೇದದವರು ಎಂಬರ್ಥದ ಒಂದು ಮಾತು ಅವರ ಕಣ್ಣಿಗೆ ಬಿತ್ತು. ಅಷ್ಟೇ ಎಳೆ. ಅದನ್ನು ಹಿಡಿದು, ವಾಯವ್ಯ ಪ್ರಾಂತ್ಯಗಳ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಸರ್ ವಿಲಿಯಂ ಮ್ಯೂರರ ಮೂಲಕ ಕಾಶ್ಮೀರದ ಮಹಾರಾಜ ರಣಬೀರ್ ಸಿಂಗರನ್ನು ಕೇಳಿಸಿದರು. ಪ್ರತಿ ಇತ್ತು! ಪೈಪ್ಪಲಾದ ಶಾಖೆಯದು, ಶಾರದಾ ಲಿಪಿಯಲ್ಲಿ ಭೂರ್ಜದ ತೊಗಟೆಯ ಮೇಲೆ ಬರೆದದ್ದು. ಮೊದಲು ಅದರ ನಾಗರಿ ನಕಲು ಬಂತು. 1875ರಲ್ಲಿ ರೋಟ್ ಈ ಬಗ್ಗೆ ಪುಸ್ತಿಕೆಯೊಂದನ್ನು ಪ್ರಕಟಿಸಿದರು. ಸ್ವಲ್ಪ ಕಾಲದಲ್ಲೇ ಮೂಲಪ್ರತಿಯೂ ಅವರ ಕೈ ಸೇರಿತು. ಅವರು ತೀರಿಕೊಂಡ ಮೇಲೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬಂತು.

ಇದು ದಾನವೋ ಅಲ್ಲವೋ? ಕಾಗದದ ಮೇಲೆ ಮಹಾರಾಜರ ಕೊಡುಗೆಯೇ ಸರಿ. ಆದರೆ ಬ್ರಿಟಿಷ್ ಅಧಿಕಾರಿಯ ಮೂಲಕ ಬಂದ ಕೋರಿಕೆಗೆ ಇಲ್ಲವೆನ್ನುವುದು ಆ ಕಾಲದ ಸಂಸ್ಥಾನಿಕರಿಗೆ ಸುಲಭವಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಹಾಗೆಯೇ ಇನ್ನೊಂದನ್ನೂ ಮರೆಯಬಾರದು: ಆ ತೊಗಟೆಯ ಹಾಳೆಗಳು ಟ್ಯೂಬಿಂಗನ್ನಿನಲ್ಲಿ ಬೀಗದೊಳಗೆ ಕೊಳೆಯಲಿಲ್ಲ. ರೋಟರ ನಂತರ ಪೀಠಕ್ಕೆ ಬಂದ ರಿಚರ್ಡ್ ಗಾರ್ಬೆ 1899ರಲ್ಲಿ ಭಾರತೀಯ ಹಸ್ತಪ್ರತಿಗಳ ಸೂಚಿಯನ್ನು ಅಚ್ಚುಹಾಕಿಸಿದರು. ಅದಕ್ಕೂ ಮೊದಲಿನ ಸೂಚಿ 1865ರದು, ಸ್ವತಃ ರೋಟರದು. 1901ರಲ್ಲಿ ಅಮೆರಿಕದ ಮಾರಿಸ್ ಬ್ಲೂಮ್‌ಫೀಲ್ಡ್ ಮತ್ತು ಗಾರ್ಬೆ ಸೇರಿ ಇಡೀ ಹಸ್ತಪ್ರತಿಯ ಬಣ್ಣದ ಛಾಯಾಪ್ರತಿಯನ್ನು ಮೂರು ದೊಡ್ಡ ಸಂಪುಟಗಳಲ್ಲಿ ಹೊರತಂದರು. ಆ ಕಾಲಕ್ಕೆ ಅದು ಭಾರಿ ಖರ್ಚಿನ ಸಾಹಸ. ಈ ಛಾಯಾಪ್ರತಿಯನ್ನು ಮುಂದಿಟ್ಟುಕೊಂಡು ಬ್ಯಾರೆಟ್ ಎಂಬ ವಿದ್ವಾಂಸರು ಅಮೆರಿಕದಲ್ಲಿ ಕೂತು 1905ರಿಂದ ಮೂವತ್ತೈದು ವರ್ಷ ಒಂದೊಂದೇ ಕಾಂಡವನ್ನು ಓದಿ ಪ್ರಕಟಿಸಿದರು.

ಇಷ್ಟೆಲ್ಲ ಆಗುವಾಗ ಪೈಪ್ಪಲಾದ ಶಾಖೆಗೆ ಜಗತ್ತಿನಲ್ಲಿ ಟ್ಯೂಬಿಂಗನ್ನಿನ ಪ್ರತಿಯೊಂದೇ ಗತಿ ಎಂದು ಎಲ್ಲರೂ ನಂಬಿದ್ದರು. ಅದರಲ್ಲಿ ತಪ್ಪುಗಳು ಬೇಕಾದಷ್ಟು. ಹೋಲಿಸಲು ಇನ್ನೊಂದಿಲ್ಲ. 1950ರ ದಶಕದ ಕೊನೆಗೆ ಕಲ್ಕತ್ತೆಯ ದುರ್ಗಾಮೋಹನ ಭಟ್ಟಾಚಾರ್ಯರು ಒರಿಸ್ಸಾದ ಹಳ್ಳಿಗಳಲ್ಲಿ ತಿರುಗಿ ಅದೇ ಪೈಪ್ಪಲಾದ ಸಂಹಿತೆಯ ತಾಳೆಗರಿಗಳನ್ನು ಕಂಡುಹಿಡಿದರು. ಕಾಶ್ಮೀರದ ಪ್ರತಿಗಿಂತ ಶುದ್ಧವಾದ ಪಾಠ. ಹಸ್ತಪ್ರತಿಗಳು ಮಾತ್ರವಲ್ಲ, ತಾವು ಪೈಪ್ಪಲಾದ ಶಾಖೆಯವರು ಎಂದು ಹೇಳಿಕೊಳ್ಳುವ ಮನೆತನಗಳೇ ಅಲ್ಲಿದ್ದವು. ಎಂಬತ್ತು ವರ್ಷ ಜರ್ಮನಿಯಲ್ಲಿ, ಅಮೆರಿಕದಲ್ಲಿ ಪಂಡಿತರು ಒಂದು ಹರಿದ ತೊಗಟೆಯ ಮೇಲೆ ಕಣ್ಣು ಕಳೆದುಕೊಳ್ಳುತ್ತಿದ್ದಾಗ ಒರಿಸ್ಸಾದ ಮನೆಗಳಲ್ಲಿ ಅದೇ ಗ್ರಂಥ ಸುಖವಾಗಿತ್ತು. ಅದನ್ನು ಯಾರೂ ಯಾದಿಯಲ್ಲಿ ಬರೆದಿರಲಿಲ್ಲ, ಅಷ್ಟೇ.

ರೋಟರ ಕಾಲದಲ್ಲಿ ಬಂದ ಇನ್ನೊಂದು ಸಂಗ್ರಹ ಅರಬ್ಬಿಯದು. ಡಮಾಸ್ಕಸ್ಸಿನಲ್ಲಿ ಪ್ರಷ್ಯಾದ ಕಾನ್ಸಲ್ ಆಗಿದ್ದ ವೆಟ್ಸ್‌ಟೈನ್ ಹಸ್ತಪ್ರತಿಗಳನ್ನು ಕೊಂಡು ಜರ್ಮನ್ ಗ್ರಂಥಾಲಯಗಳಿಗೆ ಮಾರುತ್ತಿದ್ದ. 1864ರಲ್ಲಿ ಟ್ಯೂಬಿಂಗನ್ ಅವನಿಂದ ಒಂದು ಕಂತು ಕೊಂಡಿತು. ಅದರಲ್ಲಿ ಕೂಫಿ ಲಿಪಿಯ ಕುರಾನಿನ ಎಪ್ಪತ್ತೇಳು ಚರ್ಮದ ಹಾಳೆಗಳಿದ್ದವು. ಸೂಚಿಯಲ್ಲಿ ಸದ್ದಿಲ್ಲದೆ ಕೂತಿದ್ದ ಈ ಹಾಳೆಗಳು 2014ರಲ್ಲಿ ಸುದ್ದಿಯಾದವು. ಇಂಗಾಲದ ಪರೀಕ್ಷೆ ಮಾಡಿದಾಗ ಚರ್ಮದ ಕಾಲ ಕ್ರಿ.ಶ. 649ರಿಂದ 675ರ ನಡುವೆ ಎಂದು ಬಂತು. ಸಂಭವನೀಯತೆ ನೂರಕ್ಕೆ ತೊಂಬತ್ತೈದಕ್ಕೂ ಸ್ವಲ್ಪ ಮೇಲೆ. ಪ್ರವಾದಿಯವರು ತೀರಿಕೊಂಡು ಇಪ್ಪತ್ತರಿಂದ ನಲವತ್ತು ವರ್ಷದೊಳಗಿನದು ಎಂದ ಹಾಗಾಯಿತು. ಪರೀಕ್ಷೆ ಹೇಳುವುದು ಪ್ರಾಣಿ ಸತ್ತ ಕಾಲವನ್ನು, ಶಾಯಿ ಬಿದ್ದ ಕಾಲವನ್ನಲ್ಲ ಎಂಬ ಎಚ್ಚರಿಕೆ ಪತ್ರಿಕೆಗಳ ತಲೆಬರಹದಲ್ಲಿ ಕಾಣೆಯಾಗಿತ್ತು. ಆದರೂ ಜಗತ್ತಿನ ಅತಿ ಹಳೆಯ ಕುರಾನ್ ಹಾಳೆಗಳಲ್ಲಿ ಇವೂ ಸೇರುತ್ತವೆ ಎಂಬುದರಲ್ಲಿ ತಕರಾರಿಲ್ಲ.

ಇನ್ನು ನಮ್ಮ ಕರಾವಳಿಗೆ ಬರೋಣ. ಮೋಗ್ಲಿಂಗ್ ಮತ್ತು ಹೆರ್ಮನ್ ಗುಂಡರ್ಟ್ ಟ್ಯೂಬಿಂಗನ್ನಿನ ವಿದ್ಯಾರ್ಥಿಗಳು, ಗೆಳೆಯರು. ಇಬ್ಬರೂ ಭಾರತಕ್ಕೆ ಬಂದದ್ದು 1836ರಲ್ಲಿ. ಮೋಗ್ಲಿಂಗ್ ಮಂಗಳೂರಿನಲ್ಲಿ ನಿಂತು ಕನ್ನಡದವರಾದರು. ಗುಂಡರ್ಟ್ ತಲಶ್ಶೇರಿಗೆ ಹೋಗಿ ಮಲಯಾಳದವರಾದರು. ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಕೊಟ್ಟ ಹಣದಿಂದ ಮೋಗ್ಲಿಂಗ್ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯನ್ನು ಕಲ್ಲಚ್ಚಿನಲ್ಲಿ ತೆಗೆದರು. ಜೈಮಿನಿ ಭಾರತ, ಬಸವಪುರಾಣ, ತೊರವೆ ರಾಮಾಯಣ, ದಾಸರ ಪದಗಳು ಓಲೆಯಿಂದ ಕಾಗದಕ್ಕೆ ಇಳಿದದ್ದು ಹಾಗೆ. ಇದೂ ಒಂದು ದತ್ತಿಯೇ! ಈ ಕೆಲಸಕ್ಕಾಗಿ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಮೋಗ್ಲಿಂಗರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆಗ ಅಲ್ಲಿ ಭಾರತೀಯ ವಿದ್ಯೆಯ ಪೀಠದಲ್ಲಿದ್ದವರು ರೋಟ್. ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮೇಲೆ, 1896ರಲ್ಲಿ ಅವರಿಗೂ ಅದೇ ವಿಶ್ವವಿದ್ಯಾಲಯ ಅದೇ ಗೌರವ ಸಲ್ಲಿಸಿತು. ಕನ್ನಡಕ್ಕಾಗಿ ದುಡಿದ ಇಬ್ಬರಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಡಾಕ್ಟರೇಟ್ ಕೊಟ್ಟ ಬೇರೆ ವಿಶ್ವವಿದ್ಯಾಲಯವನ್ನು ನಾನು ಕಂಡಿಲ್ಲ.

ಗುಂಡರ್ಟರ ಹಸ್ತಪ್ರತಿಗಳು, ಟಿಪ್ಪಣಿಗಳು, ಪುಸ್ತಕಗಳು ಈ ಗ್ರಂಥಾಲಯದಲ್ಲಿವೆ. ಅವರು 1893ರಲ್ಲಿ ತೀರಿಕೊಂಡ ಮೇಲೆ ಸುಮಾರು ಒಂದು ಶತಮಾನ ಕೇರಳದಲ್ಲಿ ಇವುಗಳ ಗೊಡವೆಗೆ ಹೋದವರು ಇಲ್ಲವೆಂದೇ ಹೇಳಬೇಕು. 1980ರ ದಶಕದಲ್ಲಿ ಮಲಯಾಳದ ವಿದ್ವಾಂಸ ಸ್ಕರಿಯಾ ಸಕರಿಯಾ ಅಲ್ಲಿಗೆ ಹೋಗಿ, ಕೂತು, ಓದಿ, ಸೂಚಿ ಬರೆದರು. ಕಳೆದುಹೋಯಿತೆಂದು ಕೈಬಿಟ್ಟಿದ್ದ ‘ಪಯ್ಯನ್ನೂರ್ ಪಾಟ್ಟು’ ಎಂಬ ಹಳೆಯ ಕಾವ್ಯ ಅಲ್ಲಿ ಸಿಕ್ಕಿತು. ಈಸ್ಟ್ ಇಂಡಿಯಾ ಕಂಪನಿಯ ಕಾಲದ ತಲಶ್ಶೇರಿಯ ದಾಖಲೆಗಳು ಸಿಕ್ಕವು, ಪುಸ್ತಕವಾಗಿ ಬಂದವು. 2015ರಲ್ಲಿ ಟ್ಯೂಬಿಂಗನ್ನಿನಲ್ಲಿ ಗುಂಡರ್ಟರ ಹೆಸರಿನ ಮಲಯಾಳ ಪೀಠ ಶುರುವಾಯಿತು. 2018ರಲ್ಲಿ ಗುಂಡರ್ಟ್ ಸಂಗ್ರಹವನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟರು. ಅದರಲ್ಲಿ ಮಲಯಾಳದ ಜೊತೆಗೆ ಕನ್ನಡ, ತುಳು, ತಮಿಳು, ಸಂಸ್ಕೃತದ್ದೂ ಇವೆ. ಒಬ್ಬ ವಿದ್ವಾಂಸ ತಾಳ್ಮೆಯಿಂದ ಬರೆದ ಸೂಚಿ ಮೂವತ್ತು ವರ್ಷದಲ್ಲಿ ಪೀಠವಾಯಿತು, ತೆರೆದ ಭಂಡಾರವಾಯಿತು.

ಕಟ್ಟಡದ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ರೋಟರ ನಂತರ ಬಂದ ಕಾರ್ಲ್ ಗೈಗರ್ ಪೂರ್ಣಾವಧಿಯ ಗ್ರಂಥಪಾಲರು. ಅವರ ಕಾಲದಲ್ಲಿ, 1912ರಲ್ಲಿ, ಪುಸ್ತಕಗಳು ಗುಡ್ಡದಿಂದ ಕೆಳಗೆ ವಿಲ್ಹೆಲ್ಮ್ ಬೀದಿಯ ಹೊಸ ಕಟ್ಟಡಕ್ಕೆ ಬಂದವು. ಅದನ್ನು ಕಟ್ಟಿದ ವಾಸ್ತುಶಿಲ್ಪಿ ಪೌಲ್ ಬೊನಾಟ್ಸ್, ಸ್ಟುಟ್‌ಗಾರ್ಟಿನ ದೊಡ್ಡ ರೈಲು ನಿಲ್ದಾಣದ ಶಿಲ್ಪಿಯೂ ಅವರೇ. 1960ರ ದಶಕದಲ್ಲಿ ಒಂದು, 2002ರಲ್ಲಿ ಇನ್ನೊಂದು ಕಟ್ಟಡ ಸೇರಿಕೊಂಡವು.

ನಾಜಿ ಕಾಲದಲ್ಲಿ ಯಹೂದಿಯರಿಂದ ಕಸಿದುಕೊಂಡ ಪುಸ್ತಕಗಳು ಜರ್ಮನಿಯ ಅನೇಕ ಗ್ರಂಥಾಲಯಗಳಿಗೆ ಬಂದ ಹಾಗೆ ಇಲ್ಲಿಗೂ ಬಂದವು. ಇದನ್ನು ಮುಚ್ಚಿಟ್ಟು ಗ್ರಂಥಾಲಯದ ಹಿರಿಮೆ ಹಾಡುವುದು ತಪ್ಪಾಗುತ್ತದೆ. ಪುಸ್ತಕದ ಮೊದಲ ಹಾಳೆಯ ಸಹಿ, ಮುದ್ರೆಗಳನ್ನು ನೋಡಿ ಮೂಲ ಒಡೆಯರನ್ನು ಹುಡುಕುವುದು ಈಗ ಜರ್ಮನ್ ಗ್ರಂಥಪಾಲರ ಕರ್ತವ್ಯದಲ್ಲಿ ಸೇರಿದೆ. ಯುದ್ಧದಲ್ಲಿ ಟ್ಯೂಬಿಂಗನ್ ಹೆಚ್ಚು ಹಾನಿಯಿಲ್ಲದೆ ಉಳಿಯಿತು. ಹಾಗಾಗಿ ಬಾಂಬಿಗೆ ಹೆದರಿ ಬರ್ಲಿನ್ನಿನಿಂದ ಹೊರಸಾಗಿಸಿದ್ದ ಪ್ರಷ್ಯಾದ ರಾಜ್ಯ ಗ್ರಂಥಾಲಯದ ಸಂಪತ್ತಿನ ಒಂದು ಭಾಗ, ಪೌರಸ್ತ್ಯ ಹಸ್ತಪ್ರತಿಗಳೂ ಸೇರಿ, ಯುದ್ಧಾನಂತರ ಇಲ್ಲಿ ಆಶ್ರಯ ಪಡೆಯಿತು. 1960ರ ದಶಕದಲ್ಲಿ ಅದು ಪಶ್ಚಿಮ ಬರ್ಲಿನ್ನಿಗೆ ಮರಳಿತು. ಬೇರೆಯವರ ಗಂಟನ್ನು ಇಟ್ಟುಕೊಂಡು, ಕೇಳಿದಾಗ ಹಿಂದಿರುಗಿಸಿದ ಅಧ್ಯಾಯವೂ ಈ ಗ್ರಂಥಾಲಯದ ಚರಿತ್ರೆಯಲ್ಲಿದೆ ಎಂಬುದು ಸಮಾಧಾನದ ಸಂಗತಿ.

ಯುದ್ಧದ ನಂತರ ಪಶ್ಚಿಮ ಜರ್ಮನಿಯ ಸಂಶೋಧನ ಮಂಡಳಿ ಒಂದು ಜಾಣ ಏರ್ಪಾಡು ಮಾಡಿತು. ಎಲ್ಲ ಗ್ರಂಥಾಲಯವೂ ಎಲ್ಲವನ್ನೂ ಕೊಳ್ಳುವಷ್ಟು ಹಣವಿರಲಿಲ್ಲ. ಒಂದೊಂದು ವಿಷಯದ ಹೊಣೆಯನ್ನು ಒಂದೊಂದಕ್ಕೆ ಹಂಚಿದರು. ದಕ್ಷಿಣ ಏಷ್ಯಾ, ಪಶ್ಚಿಮ ಏಷ್ಯಾ, ಕ್ರೈಸ್ತ ದೇವತಾಶಾಸ್ತ್ರ ಟ್ಯೂಬಿಂಗನ್ನಿನ ಪಾಲಿಗೆ ಬಂದವು. ದೇಶದ ಯಾವ ಮೂಲೆಯ ಓದುಗ ಕೇಳಿದರೂ ಅಲ್ಲಿಂದ ಪುಸ್ತಕ ಕಳಿಸಬೇಕಿತ್ತು. ಆಮೇಲೆ ಪಶ್ಚಿಮ ಏಷ್ಯಾದ ಹೊಣೆ ಹಾಲೆಗೆ, ದಕ್ಷಿಣ ಏಷ್ಯಾದ್ದು ಹೈಡಲ್‌ಬರ್ಗಿಗೆ ಹೋಗಿದೆ. ಕರ್ನಾಟಕದ ವಿಶ್ವವಿದ್ಯಾಲಯಗಳು ಈ ಏರ್ಪಾಡನ್ನು ನೋಡಿ ಕಲಿಯಬಹುದು. ಒಂದೇ ಪಠ್ಯಪುಸ್ತಕದ ನೂರು ಪ್ರತಿ ಎಲ್ಲ ಕಡೆ, ಹಳೆಯ ಪತ್ರಿಕೆಯ ಒಂದು ಸಂಪುಟ ಎಲ್ಲೂ ಇಲ್ಲ ಎಂಬ ಸ್ಥಿತಿ ತಪ್ಪುತ್ತದೆ.

ಮಾತು ಮುಗಿಸುವ ಮೊದಲು ಎರಡು ಕೋರಿಕೆ. ಟ್ಯೂಬಿಂಗನ್ನಿನಲ್ಲಿರುವ ಕನ್ನಡ, ತುಳು ಸಾಮಗ್ರಿಯನ್ನು ಸಕರಿಯಾ ಅವರು ಮಲಯಾಳಕ್ಕೆ ಮಾಡಿದಂತೆ ಒಂದೊಂದಾಗಿ ಓದಿ, ವರ್ಣನಾತ್ಮಕ ಸೂಚಿ ಬರೆಯಲು ನಮ್ಮ ಕನ್ನಡ ವಿಭಾಗಗಳು ಒಬ್ಬ ಸಂಶೋಧಕರನ್ನಾದರೂ ನೇಮಿಸಲಿ. ಅರ್ಧ ಕೆಲಸ ಇಲ್ಲೇ ಕೂತು ಕಂಪ್ಯೂಟರಿನ ಮುಂದೆ ಆಗುತ್ತದೆ; ಮೋಡಿ ಅಕ್ಷರ, ಜರ್ಮನ್ ಕೈಬರಹ ಕಲಿಯುವ ತಾಳ್ಮೆ ಇದ್ದರೆ ಸಾಕು. ಇಂಥ ದತ್ತಿಗಳ ಒಂದು ವರ್ಷದ ಬಡ್ಡಿಯನ್ನು ಉಪನ್ಯಾಸದ ಬದಲು ಈ ಕೆಲಸಕ್ಕೆ ಕೊಟ್ಟರೂ ದಾನಿಗಳ ಆಶಯಕ್ಕೆ ಕುಂದು ಬರುವುದಿಲ್ಲ.

ಎರಡನೆಯದು ತಮ್ಮೆಲ್ಲರಿಗೆ. ಮನೆಯ ಅಟ್ಟದಲ್ಲಿ, ದೇವರ ಕೋಣೆಯಲ್ಲಿ, ಮಠದ ಪೆಟ್ಟಿಗೆಯಲ್ಲಿ ಓಲೆಗರಿಯ ಕಟ್ಟು, ಕಡತ, ಕೋರಿ ಕಾಗದದ ಹೊತ್ತಿಗೆ ಇದ್ದರೆ ಅದನ್ನು ಯಾರಿಗೂ ಕೊಟ್ಟುಬಿಡಿ ಎಂದು ನಾನು ಕೇಳುವುದಿಲ್ಲ. ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯಕ್ಕೋ, ಧಾರವಾಡದ ಕನ್ನಡ ಅಧ್ಯಯನ ಪೀಠಕ್ಕೋ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೋ ಒಂದು ಪತ್ರ ಬರೆದು, ಇಂಥದ್ದೊಂದು ನಮ್ಮಲ್ಲಿದೆ ಎಂದು ತಿಳಿಸಿ. ಬಂದು ನೋಡಿ, ಹೆಸರು ಬರೆದುಕೊಂಡು, ಚಿತ್ರ ತೆಗೆದುಕೊಂಡು ಹೋಗಲಿ. ಕಟ್ಟು ನಿಮ್ಮ ಮನೆಯಲ್ಲೇ ಇರಲಿ.